ಹದಿನಾರು ಜೊತೆ ಚಪ್ಪಲಿ

ತಪ್ಪೊಪ್ಪಿಗೆ ಮೊದಲೇ ಆಗಿಬಿಡಲಿ. ಮದುವೆಯ ಜವಳಿ ತೆಗೆಯಲು ಮೊಳಕಾಲ್ಮೂರಿಗೆ ಬಂದಿದ್ದ ಹದಿನಾರು ಮಂದಿಯನ್ನು, ಅವರು ಒಂದು ಕರವಸ್ತ್ರವನ್ನೂ ಕೊಳ್ಳುವ ಮೊದಲೇ, ನಾನೊಬ್ಬನೇ ಅಂಗಡಿಯಿಂದ ಸಾಗಹಾಕಿದೆ. ಬೈದು ಕಳಿಸಲಿಲ್ಲ, ಬಹಳ ಮರ್ಯಾದೆಯಿಂದ ಕಳಿಸಿದೆ. ಜಗುಲಿಯ ಮೇಲೆ ರಾಶಿಯಾಗಿ ಬಿದ್ದಿದ್ದ ಹದಿನಾರು ಜೊತೆ ಚಪ್ಪಲಿಗಳನ್ನು ಜೋಡಿ ಮಾಡಿ, ಮೂತಿ ರಸ್ತೆಯ ಕಡೆಗೆ ಬರುವಂತೆ ಸಾಲಾಗಿಟ್ಟು, ಪಕ್ಕದಲ್ಲಿ ಕೈ ಮುಗಿದು ನಿಂತೆ. ಒಂದು ಜೊತೆಯೂ ಅದಲುಬದಲಾಗಲಿಲ್ಲ. ಹತ್ತನೇ ಕ್ಲಾಸಿನಿಂದ ಈಚೆಗೆ ನಾನು ನೂರಕ್ಕೆ ನೂರು ತೆಗೆದದ್ದು ಅದೊಂದರಲ್ಲೇ.

ನನ್ನ ಪರವಾಗಿ ಹೇಳಬೇಕೆಂದರೆ, ಹೋಗುತ್ತೇವೆ ಎಂದವರು ಅವರೇ. ವರನ ತಾಯಿ ನಾನು ಬಿಚ್ಚಿದ ಹಸಿರು ಸೀರೆಯ ಸೆರಗನ್ನು ಅಂಗೈಯಲ್ಲಿ ಹಿಡಿದು, "ಇದೇನ್ ಸೀರೆನೋ ಗೋಣಿಚೀಲನೋ? ಏಳ್ರೇ, ಹೋಗಾನ" ಎಂದು ಎದ್ದು ನಿಂತರು. ಅವರ ಹಿಂದೆ ಹದಿನೈದು ಮಂದಿ ಎದ್ದರು. ಎದ್ದವರಿಗೆ ಚಪ್ಪಲಿ ಬೇಕು ತಾನೇ? ನಾನು ಸೀರೆ ಮಡಿಚಿಟ್ಟು, ಬಾಯಿಂದ ಒಂದು ಮಾತೂ ಆಡದೆ, ಜಗುಲಿಗೆ ಹೋದೆ.

ಬಾಯಿ ತೆರೆಯಬಾರದೆಂದು ಅಂಗಡಿಯ ಯಜಮಾನರು ಹೇಳಿದ್ದರು. ಇನ್ನೊಂದು ಗಂಟು ಸೀರೆ ತರಲು ಅವರು ಹಿಂದಿನ ಮಗ್ಗದ ಮನೆಗೆ ಹೋಗುವಾಗ, "ನಾನ್ ಬರಾಗಂಟ ಬಿಚ್ಚಿ ತೋರಿಸ್ತಿರು. ಬಾಯಿ ಮಾತ್ರ ತೆರೀಬೇಡ" ಎಂದಿದ್ದರು. ಅವರ ಹೆಂಡತಿ ಒಳಗೆ ಹದಿನಾರು ಕಪ್ ಟೀ ಸೋಸುತ್ತಿದ್ದರು. ಅವರನ್ನು ನಾನು ಅಕ್ಕಾರು ಎಂದೇ ಕರೆಯುವುದು. ಟೀ ತಟ್ಟೆ ಹಿಡಿದು ಅಕ್ಕಾರು ಒಂದು ಬಾಗಿಲಿನಿಂದ, ಸೀರೆ ಗಂಟು ಹೊತ್ತು ಯಜಮಾನರು ಇನ್ನೊಂದು ಬಾಗಿಲಿನಿಂದ ಬಂದಾಗ, ಬಿಳಿ ಗಾದಿಯ ಮೇಲೆ ಫ್ಯಾನಿನ ಗಾಳಿ ಬಿಟ್ಟರೆ ಯಾರೂ ಇರಲಿಲ್ಲ.

"ಎಲ್ಲೋದ್ರಲೇ?"

"ಹೋಗಾನ ಅಂದ್ರು. ಕಳಿಸ್ದೆ."

"ಕಳಿಸ್ದೆ ಅಂದ್ರೆ?"

"ಚಪ್ಲಿ ಜೋಡಿಸಿ ಕೊಟ್ಟೆ."

ಯಜಮಾನರು ಗಂಟನ್ನು ನಿಧಾನವಾಗಿ ಇಳಿಸಿದರು. ಜಗುಲಿಗೆ ಹೋಗಿ ಖಾಲಿ ನೆಲ ನೋಡಿದರು, ರಸ್ತೆ ನೋಡಿದರು, ಮತ್ತೆ ಒಳಗೆ ಬಂದು ನನ್ನನ್ನು ನೋಡಿದರು. ಅಕ್ಕಾರು, "ಟೀ ಕುಡೀರಿ, ಆರೋಗುತ್ತೆ" ಎಂದರು. ನಾನು ನಾಲ್ಕು ಕಪ್ಪು ಕುಡಿದೆ. ಮಿಕ್ಕ ಹನ್ನೆರಡನ್ನು ಕುಡಿಯಲು ಯಾರೂ ನನಗೆ ಒತ್ತಾಯ ಮಾಡಲಿಲ್ಲ.

ಆಮೇಲೆ ಗೊತ್ತಾಯಿತು, ನಮ್ಮ ಕಡೆ ಜವಳಿ ತೆಗೆಯುವಾಗ ಎದ್ದು ನಿಲ್ಲುವುದೂ ಒಂದು ಮಾತಂತೆ. ಮೊದಲ ಸಲ ಎದ್ದರೆ "ಸ್ವಲ್ಪ ಇಳಿಸಿ" ಅಂತ. ಎರಡನೇ ಸಲ ಹೊಸ್ತಿಲ ತನಕ ಹೋದರೆ "ಇನ್ನೂ ಸ್ವಲ್ಪ" ಅಂತ. ಮೂರನೇ ಸಲ ಒಂದೇ ಕಾಲಿಗೆ ಚಪ್ಪಲಿ ಹಾಕಿದರೆ ಸೀರೆ ಅವರದ್ದಾಯಿತು ಅಂತ. ಮೂರು ಸಲವೂ ಅಂಗಡಿಯವನು "ಕುಂತ್ಕಳ್ರಮ್ಮಾ, ಮನೆಗ್ ಬಂದೋರು ಹಂಗ್ ಹೋದ್ರೆ ಹೆಂಗೆ" ಅನ್ನಬೇಕು. ಸೀರೆಯನ್ನು ಗೋಣಿಚೀಲ ಎಂದು ಬೈದರೆ ಅದು ಮನಸ್ಸಿಗೆ ಹತ್ತಿದೆ ಎಂದು ತಿಳಿಯಬೇಕು. ಇದನ್ನೆಲ್ಲ ಯಾವ ಶಾಲೆಯಲ್ಲಿ ಕಲಿಸುತ್ತಾರೋ ಗೊತ್ತಿಲ್ಲ. ಊರಿನವರೆಲ್ಲ ಕಲಿತಿದ್ದಾರೆ. ಆ ಪಾಠ ನಡೆದ ದಿನ ನಾನೊಬ್ಬ ರಜಾ ಹಾಕಿದ್ದೆ.

ರಜಾ ಚೀಟಿಯಲ್ಲಿ ಕಾರಣವೂ ಇದೆ. ನನಗೆ ಸ್ಕಿಜೋಫ್ರೇನಿಯಾ. ಡಿಗ್ರಿ ಎರಡನೇ ವರ್ಷದಲ್ಲಿ ಶುರುವಾಯಿತು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳೆಲ್ಲ ಸೇರಿ ನನ್ನ ವಿಷಯವನ್ನೇ ಮಾತಾಡುತ್ತಿವೆ ಎಂದು ನನಗೆ ಖಾತ್ರಿಯಾಗಿತ್ತು. ಅಷ್ಟು ದೊಡ್ಡ ಮಿಲ್ಲುಗಳಿಗೆ ನನ್ನಂಥ ನಪಾಸು ಹುಡುಗನ ಮೇಲೆ ಯಾಕೆ ಅಷ್ಟು ಆಸಕ್ತಿ ಎಂದು ಮಾತ್ರ ನಾನು ಕೇಳಿಕೊಳ್ಳಲಿಲ್ಲ. ಮಾತ್ರೆ ಶುರುವಾದ ಮೇಲೆ ಮಿಲ್ಲುಗಳು ಕಡಲೆಕಾಯಿಯ ಕೆಲಸಕ್ಕೆ ವಾಪಸು ಹೋದವು. ದನಿಗಳು ಹೋದವು. ಹೋಗದೆ ಉಳಿದದ್ದು ಇದು: ಎದುರಿನವರ ಮುಖದಲ್ಲಿ ಏನು ಬರೆದಿದೆ ಎಂದು ನನಗೆ ಓದಲು ಬರುವುದಿಲ್ಲ.

ನನಗೆ ಔಷಧಿ ಕೊಡುವ ಡಾಕ್ಟರಮ್ಮ ಒಮ್ಮೆ ಆರು ಫೋಟೋ ತೋರಿಸಿದರು. ಆರು ಮುಖ. ಯಾರಿಗೆ ಸಿಟ್ಟು, ಯಾರಿಗೆ ಭಯ, ಯಾರಿಗೆ ಬೇಜಾರು ಹೇಳು ಅಂದರು. ನಾನು ಬಹಳ ಹೊತ್ತು ನೋಡಿದೆ.

"ಹೇಳಪ್ಪಾ, ಇವ್ರು ಏನ್ ಮಾಡ್ತಿದಾರೆ?"

"ಬಸ್ಸಿಗೆ ಕಾಯ್ತಾವ್ರೆ ಮೇಡಂ."

"ಇವ್ರು?"

"ಇವ್ರೂ ಕಾಯ್ತಾವ್ರೆ. ಇವ್ರ ಬಸ್ಸು ಜಾಸ್ತಿ ಲೇಟಾಗೈತೆ."

ಅವರು ನಕ್ಕರು. ಅದು ನಗು ಎಂದು ನನಗೆ ಗೊತ್ತಾದದ್ದು ಶಬ್ದ ಬಂದದ್ದರಿಂದ. ಆಮೇಲೆ ಹೇಳಿದರು: "ದನಿ ಓಡಿಸೋದಕ್ಕೆ ನನ್ ಹತ್ರ ಮಾತ್ರೆ ಇದೆ. ಇನ್ನೊಬ್ರ ಮನಸ್ಸಲ್ಲಿ ಏನಿದೆ ಅಂತ ಅಂದಾಜು ಮಾಡೋದಕ್ಕೆ ಮಾತ್ರೆ ಇಲ್ಲ. ಈ ಕಾಯಿಲೆಯೋರಲ್ಲಿ ಸುಮಾರು ಜನಕ್ಕೆ ಅದು ಕಷ್ಟ. ಬೇರೆ ಭಾಷೆ ಕಲಿಯೋ ಹಾಗೆ ನಿಧಾನಕ್ಕೆ ಕಲೀಬೇಕು. ಗೊತ್ತಾಗ್ಲಿಲ್ಲ ಅಂದ್ರೆ ನೀನೇ ಕತೆ ಕಟ್ಕೋಬೇಡ. ಬಾಯಿ ಬಿಟ್ಟು ಕೇಳು."

ಈ ಮಾತನ್ನು ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಬರೆದುಕೊಂಡಷ್ಟು ಸುಲಭವಾಗಿ ಪಾಲಿಸಲಿಲ್ಲ.

ಗೆಳೆಯನೊಬ್ಬನನ್ನು ಒಂದು ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿಕೊಂಡು ನನ್ನ ಡಿಗ್ರಿಯ ಇತಿಹಾಸ ಹೇಳುತ್ತಿದ್ದೆ. ಅವನು ವಾಚು ನೋಡಿದ. ಮತ್ತೆ ನೋಡಿದ. ಮೂರನೇ ಸಲ ನೋಡಿದಾಗ ನಾನು, "ವಾಚ್ ಚೆನ್ನಾಗೈತೆ ಲೇ, ಎಲ್ಲಿ ತಗಂಡಿ?" ಅಂದೆ. ಅವನ ಬಸ್ಸು ಹೋಯಿತು. ಪಕ್ಕದ ಮನೆಯ ಗೃಹಪ್ರವೇಶದಲ್ಲಿ "ನಿಮ್ಮನೇ ಅಂತ ತಿಳ್ಕಳಪ್ಪಾ, ಸಂಕೋಚ ಬ್ಯಾಡ" ಎಂದರು. ನಾನು ಫ್ರಿಜ್ ತೆಗೆದು ಮಜ್ಜಿಗೆ ಕುಡಿದು, ಟಿವಿ ಚಾನಲ್ ಬದಲಾಯಿಸಿ, ಸೋಫಾ ಮೇಲೆ ಕಾಲು ಚಾಚಿ ನಿದ್ದೆ ಹೋದೆ. ನಮ್ಮನೆಯಲ್ಲಿ ನಾನು ಮಾಡುವುದೇ ಅಷ್ಟು.

ಇವೆಲ್ಲ ಇದ್ದದ್ದನ್ನು ಕಾಣದ ತಪ್ಪುಗಳು. ಇಲ್ಲದ್ದನ್ನು ಕಾಣುವ ತಪ್ಪು ಇನ್ನೂ ದುಬಾರಿ. ಮುಖ ಓದಲು ಬರದಿದ್ದರೆ ತಲೆ ಸುಮ್ಮನಿರುವುದಿಲ್ಲ, ಖಾಲಿ ಜಾಗ ಕಂಡರೆ ತಾನೇ ತುಂಬುತ್ತದೆ. ನನ್ನ ತಲೆಗೆ ಒಳ್ಳೆಯದನ್ನು ತುಂಬುವ ಅಭ್ಯಾಸ ಇಲ್ಲ. ಒಂದು ಬೆಳಿಗ್ಗೆ ಚಳ್ಳಕೆರೆಯಿಂದ ಅಂಗಡಿಗೆ ಹೊರಟ ಬಸ್ಸಿನಲ್ಲಿ ಇಬ್ಬರು ಹೆಂಗಸರು ನನ್ನ ಕಡೆ ನೋಡಿ ನಗತೊಡಗಿದರು. ನನ್ನ ಕಾಯಿಲೆ ಇವರಿಗೆ ಗೊತ್ತಾಗಿದೆ ಎಂದು ನಡುದಾರಿಯ ತಳಕಿನಲ್ಲೇ ಇಳಿದುಬಿಟ್ಟೆ. ಬಸ್ಸು ಹೊರಟ ಮೇಲೆ ಕಿಟಕಿಯಲ್ಲಿ ನೋಡಿದರೆ, ನನ್ನ ಹಿಂದಿನ ಸೀಟಿನ ಕುರಿಗಾರನ ಕಂಕುಳಲ್ಲಿದ್ದ ಮರಿಯೊಂದು ಅವನ ಪೇಪರನ್ನು ಸಮಾಧಾನವಾಗಿ ತಿನ್ನುತ್ತಿತ್ತು. ಅವನು ಓದುತ್ತಲೇ ಇದ್ದ. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಡಾಕ್ಟರಮ್ಮನ ಫೋಟೋದಲ್ಲಿದ್ದವರ ಕಷ್ಟ ಆಗ ಅರ್ಥವಾಯಿತು.

ಇಂಥವನು ಸೀರೆ ಅಂಗಡಿಗೆ ಹೇಗೆ ಸೇರಿದ ಎಂದು ನೀವು ಕೇಳಬಹುದು. ಮುಖ ನೋಡಿ ವ್ಯಾಪಾರ ಮಾಡುವ ಜಾಗಕ್ಕೆ ಮುಖ ಓದಲು ಬಾರದವನು! ಈಜು ಬಾರದವನು ಕೆರೆ ಕಾವಲಿಗೆ ಸೇರಿದ ಹಾಗೆ. ಇದು ಅವ್ವನ ಕೆಲಸ. ಇದಕ್ಕೆ ಮೊದಲು ಎರಡು ಕಡೆ ಕೆಲಸ ಬಿಡಿಸಿಕೊಂಡಿದ್ದೆ. ಮೊಬೈಲ್ ಅಂಗಡಿಯಲ್ಲಿ, ಗಿರಾಕಿಯೊಬ್ಬ "ಈ ಫೋನ್ ಹೆಂಗಪ್ಪಾ?" ಎಂದಾಗ "ನಾನಾದ್ರೆ ತಗಳಲ್ಲ" ಅಂದಿದ್ದೆ. ಇನ್ನೊಂದರ ವಿಷಯ ಬೇಡ, ಅಲ್ಲಿ ಇನ್ನೂ ನನ್ನ ಟಿಫಿನ್ ಡಬ್ಬಿ ಇದೆ.

ನಾನು ಮನೆಯಲ್ಲಿ ಬಿದ್ದುಕೊಂಡಿದ್ದ ಮೂರು ವರ್ಷ ಅವ್ವನೂ ಮನೆ ಬಿಟ್ಟು ಹೋಗಲಿಲ್ಲ. ಕಡಲೆಕಾಯಿ ಸುಲಿಯಲು ಗೆಳತಿಯರ ಜೊತೆ ಹೋಗುತ್ತಿದ್ದವಳು ಅದನ್ನು ಬಿಟ್ಟಳು. ಅದು ಕೂಲಿಯಷ್ಟೇ ಆಗಿರಲಿಲ್ಲ, ಆ ಗುಂಪಿನಲ್ಲಿ ಅವ್ವನೇ ಮಾತಿನ ಮಲ್ಲಿ. ತನ್ನ ತಂಗಿಯ ಊರಿಗೆ ಹೋಗುವುದನ್ನೂ ಬಿಟ್ಟಳು. ಬಾಗಿಲ ಹತ್ತಿರ ಚಾಪೆ ಹಾಕಿಕೊಂಡು, ನನಗೆ ಗೊತ್ತಾಗದ ಹಾಗೆ ನನ್ನನ್ನು ಕಾಯುತ್ತಿದ್ದಳು. ನನಗೆ ಏನೂ ಗೊತ್ತಾಗುವುದಿಲ್ಲವಲ್ಲ, ಹಾಗಾಗಿ ಅದು ಸುಲಭವಾಗಿತ್ತು. ಈ ಸೀರೆ ಕೆಲಸ ಸಿಕ್ಕ ಮೊದಲ ವಾರವೇ ಅವಳು ಚಾಪೆ ಸುತ್ತಿ ಅಟ್ಟಕ್ಕೆ ಹಾಕಿ, ಗೆಳತಿಯರ ಜೊತೆ ಕಡಲೆಕಾಯಿಗೆ ಹೋದಳು. ಸಂಜೆ ಬಂದವಳ ಗಂಟಲು ಕಟ್ಟಿತ್ತು. ಅಷ್ಟು ಮಾತಾಡಿದ್ದಳು. ಹಾಗಾಗಿ ಈ ಕೆಲಸ ಹೋದರೆ ಹೋಗುವುದು ನನ್ನ ಕೆಲಸ ಮಾತ್ರ ಅಲ್ಲ, ಆ ಚಾಪೆ ಮತ್ತೆ ಕೆಳಗಿಳಿಯುತ್ತದೆ.

ಕೆಲಸ ಕೇಳಲು ಹೋದ ದಿನ ಅವ್ವ ಯಜಮಾನರ ಮುಂದೆ ಒಂದು ಸುಳ್ಳು ಹೇಳಿದಳು. "ಹುಡುಗ ಮೂರ್ ವರ್ಷ ಯಾಕ್ ಸುಮ್ನಿದ್ದ?" ಎಂದು ಅವರು ಕೇಳಿದ್ದಕ್ಕೆ, "ಟೈಫಾಯ್ಡ್ ಆಗಿತ್ರೀ" ಅಂದಳು. ಮೂರು ವರ್ಷದ ಟೈಫಾಯ್ಡ್! ವೈದ್ಯಶಾಸ್ತ್ರಕ್ಕೆ ನಮ್ಮವ್ವನ ಕೊಡುಗೆ. ಯಜಮಾನರು ತಲೆಯಾಡಿಸಿ, "ಒಂದ್ ತಿಂಗ್ಳು ನೋಡಾನ, ಆಮೇಲೆ ಹೇಳ್ತೀನಿ" ಎಂದರು. ಚಪ್ಪಲಿ ಜೋಡಿಸಿದ್ದು ಆ ತಿಂಗಳ ಮೂರನೇ ವಾರ.

ಮಾರನೇ ದಿನ ಅಂಗಡಿಗೆ ಹೋದಾಗ ಗಂಡ ಹೆಂಡತಿ ಮಗ್ಗದ ಮನೆಯಲ್ಲಿ ನಿಂತು ಪಿಸುಗುಡುತ್ತಿದ್ದರು. ಅವರಿಬ್ಬರೇ ಇದ್ದಾಗ ಮಾತು ತೆಲುಗಿನಲ್ಲಿ. ನನಗೂ ತೆಲುಗು ಬರುತ್ತದೆ, ಆದರೆ ಮಗ್ಗದ ಸದ್ದಿನಲ್ಲಿ ಏನೂ ಕೇಳಲಿಲ್ಲ. ಅಕ್ಕಾರು ನನ್ನ ಕಡೆ ನೋಡಿದರು. ಯಜಮಾನರೂ ನೋಡಿದರು. ನಾನು ನೋಡಿದ ತಕ್ಷಣ ಇಬ್ಬರೂ ಬೇರೆ ಕಡೆ ನೋಡಿದರು. ಮಧ್ಯಾಹ್ನ ಯಜಮಾನರು ಫೋನ್ ಹಿಡಿದು ಜಗುಲಿಗೆ ಹೋದರು. ಅಂಗಡಿಯ ಗಾಜಿನ ಈಚೆಯಿಂದ ಅವರ ತುಟಿ ನೋಡಿದೆ. "ಅಮ್ಮಾ" ಅಂದ ಹಾಗಿತ್ತು. ನಮ್ಮವ್ವನಿಗೇ ಫೋನ್!

ಅಷ್ಟು ಸಾಕಾಯಿತು. ಸಂಜೆಯ ಬಸ್ಸು ಹಾನಗಲ್ ದಾಟುವಷ್ಟರಲ್ಲಿ ನನ್ನ ಕೆಲಸ ಹೋಗಿತ್ತು. ಬಿ.ಜಿ. ಕೆರೆಗೆ ಬರುವಷ್ಟರಲ್ಲಿ ನನ್ನ ಕಾಯಿಲೆ ಮೊಳಕಾಲ್ಮೂರಿನ ಮಗ್ಗಮಗ್ಗಕ್ಕೂ ಗೊತ್ತಾಗಿತ್ತು. ತಳಕಿನಲ್ಲಿ ಅಕ್ಕಾರು ನನ್ನ ಟೀ ಲೋಟ ಬೇರೆ ಇಟ್ಟಿದ್ದರು. ಚಳ್ಳಕೆರೆಯಲ್ಲಿ ಇಳಿಯುವಷ್ಟರಲ್ಲಿ ನಾನೇ ರಾಜೀನಾಮೆ ಕೊಡುವುದು ಗೌರವ ಎಂದು ತೀರ್ಮಾನಿಸಿದ್ದೆ. ಮನೆಯಲ್ಲಿ ಅವ್ವನ ಮುಖ ನೋಡಿದೆ. ಬಸ್ಸಿಗೆ ಕಾಯುವ ಮುಖ. ಕೇಳಲಿಲ್ಲ. ರಾಜೀನಾಮೆ ಪತ್ರ ಬರೆದೆ. "ಸನ್ಮಾನ್ಯರಲ್ಲಿ ವಿನಂತಿ" ಎಂದು ಶುರುವಾಗಿ ಮೂರನೇ ಪುಟದಲ್ಲಿ ಮಾನವೀಯತೆಯ ಮೇಲೆ ಭಾಷಣವಾಯಿತು. ಸೀರೆ ಬಿಚ್ಚಿ ತೋರಿಸುವ ಹುಡುಗನ ಕೆಲಸಕ್ಕೆ ಮೂರು ಪುಟ ರಾಜೀನಾಮೆ ಕೊಟ್ಟವರು ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಪತ್ರ ಇಟ್ಟುಕೊಳ್ಳಲು ನೋಟ್‌ಬುಕ್ ತೆರೆದಾಗ ಮೊದಲ ಪುಟ ಕಣ್ಣಿಗೆ ಬಿತ್ತು. ಕತೆ ಕಟ್ಕೋಬೇಡ. ಬಾಯಿ ಬಿಟ್ಟು ಕೇಳು. ಡಾಕ್ಟರಮ್ಮನ ಮೇಲೆ ಸಿಟ್ಟು ಬಂತು, ಎಂಥ ಒಳ್ಳೆ ಪತ್ರವನ್ನು ಹಾಳು ಮಾಡಿದರಲ್ಲ ಎಂದು.

ಮಾರನೇ ದಿನ ಯಜಮಾನರು ಅಂಗಡಿ ಬಾಗಿಲಿಗೆ ನೀರು ಹಾಕುತ್ತಿದ್ದಾಗಲೇ ಎದುರಿಗೆ ನಿಂತೆ. ಜೇಬಿನಲ್ಲಿ ಮೂರು ಪುಟ.

"ಯಜಮಾನ್ರೇ, ನನ್ನ ಕೆಲಸದಿಂದ ತೆಗೀತೀರಾ?"

ಅವರು ಚೊಂಬು ಕೆಳಗಿಟ್ಟರು. "ಗೊತ್ತಿಲ್ಲ ಕಣಲೇ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಹದಿನಾರ್ ಜನ ಗಿರಾಕಿ ಕಳ್ಸಿದೀಯ. ಖುಷಿಯಾಗು ಅಂತೀಯಾ? ತಿಂಗ್ಳು ಮುಗೀಲಿ, ಹೇಳ್ತೀನಿ."

ಇದು ಒಳ್ಳೆಯ ಸುದ್ದಿ ಅಲ್ಲ. ಆದರೂ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಗೊತ್ತಿಲ್ಲ ಎನ್ನುವ ಮನುಷ್ಯನ ಮುಖ ಹೇಗಿರುತ್ತದೆ ಎಂದು ಸರಿಯಾಗಿ ನೋಡಿಕೊಂಡೆ, ಆಮೇಲೆ ನೋಟ್‌ಬುಕ್ಕಿಗೂ ಬರೆದುಕೊಂಡೆ. ಹುಬ್ಬು ಸ್ವಲ್ಪ ಗಂಟು, ಬಾಯಿ ಸಡಿಲ. ನಿನ್ನೆಯೆಲ್ಲ ಅವರ ಮುಖ ಹೀಗೇ ಇತ್ತು. ನಾನು ಅದನ್ನು ದ್ವೇಷ ಎಂದು ಓದಿ ಮೂರು ಪುಟ ಬರೆದಿದ್ದೆ.

ಧೈರ್ಯ ಬಂದು ಇನ್ನೊಂದನ್ನೂ ಕೇಳಿದೆ. "ನಿನ್ನೆ ಅವ್ವಂಗೆ ಫೋನ್ ಮಾಡಿದ್ರಾ?"

"ಹೂಂ. ಟಿಫಿನ್ ಡಬ್ಬಿ ತೊಳೆಯಾಕೆ ಅಂತ ನಮ್ಮೋಳು ನಿನ್ ಬ್ಯಾಗ್ ತೆಗೆದ್ಲು, ಮಾತ್ರೆ ಸಿಕ್ತು. ಊಟದ ಮುಂಚೆನೋ ಆಮೇಲೋ ಅಂತ ಕೇಳಿದ್ವಿ. ನೀನ್ ಮಧ್ಯಾಹ್ನ ತೂಕಡಿಸ್ತೀಯಲ್ಲ, ಅದ್ಕೇನಾ ಅಂತ."

"ಅದು ಟೈಫಾಯ್ಡ್ ಮಾತ್ರೆ" ಎಂದೆ.

ಒಳಗಿನಿಂದ ಅಕ್ಕಾರ ನಗು ಕೇಳಿಸಿತು. ಯಜಮಾನರು ಚೊಂಬು ಎತ್ತಿಕೊಂಡರು. "ಮೂರ್ ವರ್ಷದ ಟೈಫಾಯ್ಡ್ ಯಾರಿಗ್ ಬರುತ್ತಲೇ? ನಾನೇನ್ ನಿನ್ ಕಣ್ಣಿಗೆ ಅಷ್ಟು ದಡ್ಡ ಕಾಣ್ತೀನಾ? ನಿಮ್ಮವ್ವ ಫೋನಲ್ಲಿ ಎಲ್ಲಾ ಹೇಳಿದ್ಲು. ಹೇಳಿ ಅತ್ಲು. ಆಮೇಲೆ ನಮ್ಮೋಳ್ ಜೊತೆ ಮುಕ್ಕಾಲು ಗಂಟೆ ಉಪ್ಪಿನಕಾಯಿ ಮಾತಾಡಿದ್ಲು."

ಹೀಗೆ ನನ್ನ ದೊಡ್ಡ ಗುಟ್ಟು ಬಯಲಾಯಿತು, ಆಕಾಶ ಬೀಳಲಿಲ್ಲ, ಮಾವಿನಕಾಯಿ ಉಪ್ಪಿನಕಾಯಿಗೆ ಮೆಂತ್ಯ ಎಷ್ಟು ಹಾಕಬೇಕು ಎನ್ನುವುದೂ ತೀರ್ಮಾನವಾಯಿತು. ರಾಜೀನಾಮೆಯ ಮೂರು ಪುಟ ಅಕ್ಕಾರ ಒಲೆಗೆ ಉಪಯೋಗಕ್ಕೆ ಬಂದವು.

ಆ ಮಧ್ಯಾಹ್ನ ಅಕ್ಕಾರು ನನ್ನನ್ನು ಗಾದಿಯ ಮೇಲೆ ಕೂರಿಸಿದರು. ಅವರು ಹುಟ್ಟಿದ್ದೇ ಮಗ್ಗದ ಮನೆಯಲ್ಲಿ. "ಯಜಮಾನ್ರು ನಿಂಗೆ ಏನ್ ಹೇಳ್ಕೊಟ್ಟವ್ರೆ?" ಎಂದು ಕೇಳಿದರು.

"ಗಿರಾಕಿ ಬಾಯಿ ಕೇಳ್ಬೇಡ, ಕಣ್ಣು ನೋಡು ಅಂದವ್ರೆ."

"ನೋಡಿದ್ಯಾ?"

"ನೋಡ್ದೆ. ಒಬ್ರು ಎದ್ದು ಹೋದ್ರು. ಆ ಹುಡುಗ ಯಾಕ್ ಹಂಗ್ ದುರುಗುಟ್ಕಂಡ್ ನೋಡ್ತಾನೆ ಅಂದ್ರಂತೆ."

ಅಕ್ಕಾರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ ನಿನ್ನ. ಮುಖ ಬಿಟ್ಬಿಡು. ಮುಖಕ್ಕೆ ಎಲ್ರೂ ಪೌಡ್ರು ಹಾಕಿರ್ತಾರೆ. ಕೈ ನೋಡು. ಬ್ಯಾಡದ ಸೀರೆನ ಹೆಂಗಸ್ರು ಬೆರಳ ತುದೀಲಿ ಮುಟ್ತಾರೆ. ಬೇಕಾದ್ದನ್ನ ಅಂಗೈಯಿಂದ ಸವರ್ತಾರೆ. ಆಸೆ ಇದ್ರೆ ಸೀರೆ ತಿರುವಿ ಹಿಂದ್ಲ ಮಗ್ಗಲು ನೋಡ್ತಾರೆ, ದಾರ ಹೆಂಗ್ ಕಟ್ಟವ್ರೆ ಅಂತ. ಬಾಯಿ ಏನಾರ ಅನ್ಲಿ, ಕೈ ಸುಮ್ನೆ ಇರಲ್ಲ."

ಆಮೇಲೆ ಅಭ್ಯಾಸ. ಅಕ್ಕಾರು ಗಿರಾಕಿಯಾದರು. "ಥೂ, ಇದೇನ್ ಬಣ್ಣ, ಬಾಡಿದ ಬದನೆಕಾಯಿ" ಎಂದು ಬೈಯುತ್ತ ಅಂಗೈಯಿಂದ ಸವರಿದರೆ ನಾನು "ಬೇಕು" ಅನ್ನಬೇಕು. "ಆಹಾ, ಎಷ್ಟ್ ಚೆಂದ" ಎಂದು ಬೆರಳ ತುದಿಯಲ್ಲಿ ಮುಟ್ಟಿದರೆ "ಬ್ಯಾಡ" ಅನ್ನಬೇಕು. ನಾಲ್ಕನೇ ದಿನದ ಹೊತ್ತಿಗೆ ಹತ್ತರಲ್ಲಿ ಏಳು ಸರಿ ಬಂತು. ಯಜಮಾನರಿಗೂ ಹುರುಪು ಬಂದು, ತಲೆಯ ಮೇಲೆ ಟವಲು ಹೊದ್ದು ವರನ ತಾಯಿಯಾಗಿ ಕೂತರು. ಮಾತಿಗೆ ಮೊದಲೇ ಎದ್ದು ನಿಂತು "ಹೋಗಾನ ನಡೀರೇ" ಎಂದರು. ನಾನು ಅಭ್ಯಾಸಬಲದಿಂದ ಅವರ ಚಪ್ಪಲಿ ತರಲು ಓಡಿದೆ.

"ಕೂತ್ಕಳಲೇ ಹುಚ್ಚ್..." ಎಂದವರು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡರು. ಅಕ್ಕಾರು ನೆಲ ನೋಡಿದರು.

"ಪೂರ್ತಿ ಹೇಳ್ರಿ ಯಜಮಾನ್ರೇ," ಎಂದೆ, "ಅದಕ್ಕೆ ಸರ್ಟಿಫಿಕೇಟೂ ಐತೆ."

ಮೂವರೂ ನಕ್ಕಿದ್ದಕ್ಕೆ ಮಗ್ಗ ನಿಲ್ಲಿಸಿ ನೇಯುವವರು ಇಣುಕಿ ನೋಡಿದರು.

ತಿಂಗಳು ಮುಗಿಯುವ ದಿನ ಬಂತು. ಆ ಬೆಳಿಗ್ಗೆ ಅವ್ವ ಬುತ್ತಿಗೆ ಎರಡು ರೊಟ್ಟಿ ಹೆಚ್ಚು ಕಟ್ಟಿದಳು. ಹನ್ನೊಂದು ಗಂಟೆಗೆ ಜಗುಲಿಯ ಮೇಲೆ ಚಪ್ಪಲಿ ಸದ್ದು. ನೋಡಿದರೆ ಅದೇ ವರನ ತಾಯಿ! ಈ ಸಲ ಬರೀ ಮೂವರು. ಅವರು, ಮದುಮಗಳು, ಮದುಮಗಳ ತಾಯಿ. ನನ್ನನ್ನು ಕಂಡವರೇ ಬೆರಳು ತೋರಿಸಿದರು.

"ಇವ್ನೇ ಕಣ್ರೇ, ಇವ್ನೇ!"

ನಾನು ಗೋಡೆಗೆ ಅಂಟಿಕೊಂಡೆ.

"ಏನ್ ಹುಡುಗನ್ನ ಇಟ್ಟಿದೀರಾ ಯಜಮಾನ್ರೇ! ನಾನ್ ಇಪ್ಪತ್ ವರ್ಷದಿಂದ ಜವಳಿ ತೆಗೀತಿದೀನಿ. ಎದ್ರೆ ಎಲ್ರೂ ಕೂತ್ಕಳ್ರಮ್ಮಾ ಅಂತಾರೆ. ಇವ್ನೊಬ್ನೇ ಒಂದ್ ಮಾತಿಲ್ಲ, ಕತೆಯಿಲ್ಲ, ಚಪ್ಲಿ ಜೋಡಿಸಿ ಕೈ ಮುಗಿದ! ಆವತ್ತು ಊರೆಲ್ಲಾ ಸುತ್ತಿದ್ವಿ. ಸುತ್ತಿದ್ದೂ ಸುತ್ತಿದ್ದೇ, ನನ್ ತಲೇಲಿ ಒಂದೇ. ಆ ಹಸಿರು ಸೀರೆಗೆ ಬೇರೆ ಯಾರೋ ಗಿರಾಕಿ ಕಾಯ್ತಿರ್ಬೇಕು, ಇಲ್ದಿದ್ರೆ ಇಷ್ಟು ಧಿಮಾಕು ಎಲ್ಲಿಂದ ಬರುತ್ತೆ ಅಂತ. ಭಾರೀ ಪಾಕಡಾ ಹುಡುಗ!"

"ಇಲ್ಲಮ್ಮಾ," ಎಂದೆ ಪ್ರಾಮಾಣಿಕವಾಗಿ, "ನೀವ್ ನಿಜವಾಗ್ಲೂ ಹೋಗ್ತೀರಾ ಅಂತ ತಿಳ್ಕಂಡಿದ್ದೆ."

"ನೋಡ್ರಿ, ನೋಡ್ರಿ! ಇನ್ನೂ ಹೆಂಗ್ ನಾಟಕ ಆಡ್ತಾನೆ!"

ನನಗೆ ಒಳಗೊಳಗೇ ಖುಷಿಯಾಯಿತು, ಪಾಕಡಾ, ಅಂದರೆ ಭಾರೀ ಚಾಲಾಕಿ, ಎಂದದ್ದಕ್ಕಲ್ಲ. ಇಪ್ಪತ್ತು ವರ್ಷದ ಅನುಭವಸ್ಥರು, ಮಾತ್ರೆ ಗೀತ್ರೆ ಏನೂ ನುಂಗದವರು, ನನ್ನ ಮುಖ ಓದಿ ಅಷ್ಟು ದೊಡ್ಡ ಕತೆ ಕಟ್ಟಿದ್ದರು. ಪಾಠದ ದಿನ ರಜಾ ಹಾಕಿದವನು ನಾನೊಬ್ಬನೇ ಅಲ್ಲ.

ಸೀರೆ ಬಿಚ್ಚತೊಡಗಿದೆ. ಧಾರೆ ಸೀರೆ ತೆಗೆಯುವುದು ವರನ ಕಡೆಯವರು, ಆರಿಸುವುದೂ ಅವರೇ. ಮದುಮಗಳನ್ನು ಕೇಳುತ್ತಾರೆ, ಅವಳು "ನಿಮ್ಮಿಷ್ಟ" ಅನ್ನುತ್ತಾಳೆ. ಅದು ಪದ್ಧತಿ. ವರನ ತಾಯಿ ಈಗ ಹಸಿರನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು, ಮಾವಿನ ಬುಟ್ಟಾ ಇದ್ದ ಒಂದು ಮರೂನ್ ಸೀರೆ ಹಿಡಿದರು. ಅಂಗೈಯಿಂದ ಸವರಿದರು, ತಿರುವಿ ಹಿಂದಿನ ಮಗ್ಗಲು ನೋಡಿದರು. ಹತ್ತಕ್ಕೆ ಹತ್ತು.

"ಇದು ಹೆಂಗೈತೆ ತಾಯಿ?"

"ನಿಮ್ಮಿಷ್ಟ ಅತ್ತೇ. ಚೆನ್ನಾಗೈತೆ," ಎಂದಳು ಹುಡುಗಿ. ಮುಖದ ತುಂಬ ನಗು. ಡಾಕ್ಟರಮ್ಮನ ಫೋಟೋದಲ್ಲಿ "ಸಂತೋಷ" ಎಂದು ಬರೆದಿರುತ್ತಾರಲ್ಲ, ಅದೇ. ಯಜಮಾನರು ಕಣ್ಣಲ್ಲೇ ನನಗೆ ಮಡಿಚು ಎಂದರು, ಅಥವಾ ಹಾಗೆಂದು ನಾನು ತಿಳಿದೆ. ಹಸಿರು ಸೀರೆ ಮಡಿಚಲು ಎಳೆದೆ. ಬರಲಿಲ್ಲ. ಇನ್ನೊಂದು ಸಲ ಎಳೆದೆ. ರಾಶಿಯ ಕೆಳಗೆ ಹುಡುಗಿಯ ಎಡಗೈ ಅದರ ಅಂಚನ್ನು ಹಿಡಿದುಕೊಂಡಿತ್ತು. ಬೆರಳ ತುದಿಯಲ್ಲಲ್ಲ, ಅಂಗೈಯಲ್ಲಿ. ಹೆಬ್ಬೆರಳು ಅಂಚಿನ ಹಿಂದಿನ ಮಗ್ಗಲನ್ನು ಸವರುತ್ತಿತ್ತು.

ನನಗೆ ಇಬ್ಬಂದಿ. ಬಾಯಿ ತೆರೀಬೇಡ ಎಂದು ಯಜಮಾನರ ನಿಯಮ. ಗೊತ್ತಾಗದಿದ್ರೆ ಕೇಳು ಎಂದು ಡಾಕ್ಟರಮ್ಮನ ನಿಯಮ. ಹೋದ ಸಲ ಯಜಮಾನರ ನಿಯಮ ಪಾಲಿಸಿ ಏನಾಯಿತೆಂದು ಗೊತ್ತಿತ್ತಲ್ಲ, ಈ ಸಲ ಡಾಕ್ಟರಮ್ಮನದ್ದು ನೋಡೋಣ ಎಂದು ಹುಡುಗಿಯ ಕಡೆ ತಿರುಗಿ ಬಾಯಿ ತೆರೆದೆ.

"ಅಕ್ಕಾ, ಒಂದ್ ಡೌಟು. ಬಾಯಿ ಮರೂನ್ ಅಂತೈತೆ, ಕೈ ಹಸಿರು ಬಿಡವಲ್ದು. ಯಾವ್ದು ಮಡಿಚ್ಲಿ?"

ಹುಡುಗಿ ಕೈ ಎಳೆದುಕೊಂಡಳು. ಅವಳ ತಾಯಿ "ಏಯ್, ಏನಪ್ಪಾ ನೀನು" ಎಂದು ಅರ್ಧ ಎದ್ದರು. ವರನ ತಾಯಿ ಏನೂ ಅನ್ನಲಿಲ್ಲ. ಸುಮ್ಮನಿರುವುದರಲ್ಲಿ ಎಷ್ಟು ವಿಧ ಎಂದು ನಾನು ಇನ್ನೂ ಕಲಿತಿರಲಿಲ್ಲ. ಯಜಮಾನರ ಮುಖ ನೋಡಿದೆ: ಹುಬ್ಬು ಗಂಟು, ಬಾಯಿ ಬಿಗಿ. ಇದು ಹೊಸದು, ನೋಟ್‌ಬುಕ್ಕಿನಲ್ಲಿಲ್ಲ. ನಾನು ಒಂದು ವ್ಯಾಪಾರ ಮಾತ್ರವಲ್ಲ, ಒಂದು ಮದುವೆಯನ್ನೇ ಮುರಿದೆ ಎಂದುಕೊಂಡೆ. ಅಟ್ಟದ ಮೇಲಿನ ಚಾಪೆ ಕಣ್ಣ ಮುಂದೆ ಬಂತು. ಏನು ಮಾಡಬೇಕೆಂದು ತೋಚದೆ ಎದ್ದು ಜಗುಲಿಗೆ ಹೋಗಿ, ನನಗೆ ಚೆನ್ನಾಗಿ ಬರುವ ಒಂದೇ ಕೆಲಸ ಶುರುಮಾಡಿದೆ. ಮೂರು ಜೊತೆ. ಮೂತಿ ರಸ್ತೆಯ ಕಡೆಗೆ.

"ಏಯ್ ಚಪ್ಲಿ ಹುಡ್ಗಾ!" ವರನ ತಾಯಿ ಒಳಗಿನಿಂದ ಕೂಗಿದರು. "ಈ ಸಲ ನಾನ್ ಎದ್ದಿಲ್ಲ. ಬಾರಿಲ್ಲಿ."

ಹೋದೆ. ಅವರು ಸೊಸೆಯಾಗುವವಳ ಕೈ ಹಿಡಿದುಕೊಂಡಿದ್ದರು. "ಇವ್ನ್ ಹೇಳೋದು ಹೌದೇನವ್ವಾ?"

ಹುಡುಗಿ ತಲೆ ತಗ್ಗಿಸಿದಳು. "ನಿಮಗ್ ಬೇಜಾರಾಗುತ್ತೆ ಅಂತ..."

"ನನ್ ಮದ್ವೇಲಿ ನಾನೂ ಹಿಂಗೇ ನಿಮ್ಮಿಷ್ಟ ನಿಮ್ಮಿಷ್ಟ ಅಂದು, ಈರುಳ್ಳಿ ಸಿಪ್ಪೆ ಬಣ್ಣದ ಸೀರೆ ಉಟ್ಕಂಡು ಹಸೆ ಮೇಲೆ ಕುಂತಿದ್ದೆ. ಇವತ್ತಿಗೂ ಟ್ರಂಕ್ ತೆಗೆದ್ರೆ ನಮ್ಮತ್ತೆ ಮೇಲೆ ಸಿಟ್ ಬರುತ್ತೆ. ಪಾಪ, ಆಯಮ್ಮಂಗೇನ್ ಗೊತ್ತು? ನಾನ್ ನಕ್ಕಂಡೇ ಇದ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ಹಸಿರು ಕಟ್ಟು. ಮರೂನೂ ಕಟ್ಟು, ಅದು ನಂಗೆ. ನನ್ ಕೈ ನೋಡ್ಲಿಲ್ವೇನಲೇ ನೀನು?"

"ನೋಡ್ದೆ ಅಮ್ಮಾ. ಹತ್ತಕ್ಕೆ ಹತ್ತು."

ಹುಡುಗಿ ನಕ್ಕಳು. ಈ ಸಲದ ನಗು ಮೊದಲಿನದಕ್ಕಿಂತ ಬೇರೆ ಎಂದು ನನಗೆ ಅನ್ನಿಸಿತು. ಮೊದಲಿನದರಲ್ಲಿ ಹಲ್ಲು ಹೆಚ್ಚು ಕಂಡಿದ್ದವು, ಇದರಲ್ಲಿ ಭುಜವೂ ಅಲುಗಿತು. ಖಾತ್ರಿ ಇಲ್ಲ. ಆದರೂ ಬರೆದುಕೊಂಡಿದ್ದೇನೆ.

ಆಮೇಲೆ ವರನ ತಾಯಿ ಪದ್ಧತಿಯಂತೆ ಒಂದು ಸಲ ಎದ್ದರು. ನಾನು ಎರಡೂ ಕೈಯಿಂದ ಗಾದಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ಯಜಮಾನರು "ಕುಂತ್ಕಳ್ರಮ್ಮಾ" ಎಂದರು. ಅವರು ಕೂತರು. ನೋಡಲು ಬಹಳ ಚೆನ್ನಾಗಿತ್ತು.

ಸಂಜೆ ಬಿಚ್ಚಿದ ಸೀರೆಗಳನ್ನೆಲ್ಲ ಮಡಿಚಿಟ್ಟೆ. ಬಸ್ಸಿನ ಹೊತ್ತಾಗುತ್ತಿತ್ತು. ಯಜಮಾನರು ತಿಂಗಳ ವಿಷಯ ಎತ್ತಲಿಲ್ಲ. ನಾನು ಒಂದೇ ಸೀರೆಯನ್ನು ಮೂರು ಸಲ ಮಡಿಚಿದೆ. ಕೊನೆಗೆ ಬ್ಯಾಗು ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತೆ.

"ಯಜಮಾನ್ರೇ, ಇವತ್ತಿಗೆ ತಿಂಗ್ಳಾಯ್ತು. ನಿಮ್ ಮುಖ ನೋಡಿದ್ರೆ ನಂಗೆ ಗೊತ್ತಾಗಲ್ಲ. ಬಾಯಲ್ಲೇ ಹೇಳ್ಬಿಡ್ರಿ. ಅವ್ವ ಕಾಯ್ತಿರ್ತಾಳೆ."

ಅವರು ಜಗುಲಿಗೆ ಬಂದು, ನನ್ನ ಚಪ್ಪಲಿಯನ್ನು ಕಾಲಿನಿಂದ ತಿರುಗಿಸಿದರು, ಮೂತಿ ಅಂಗಡಿಯ ಒಳಗೆ ಬರುವ ಹಾಗೆ.

"ಮುಖ ನಾನ್ ನೋಡ್ಕಂತೀನಿ," ಎಂದರು. "ಕೈ ನೀನ್ ನೋಡ್ಕಾ. ಚಪ್ಲಿ ಅವ್ರವ್ರೇ ನೋಡ್ಕಂತಾರೆ. ನಾಳೆ ಮೊದ್ಲ ಬಸ್ಸಿಗೆ ಬಾ."